ಫೋನ್ ಸತ್ತಿದೆ, ಫೋಟೋ ಬೇಕು

ಮೊಬೈಲ್ ರಿಪೇರಿ ಅಂಗಡಿಗೆ ದಿನವೂ ಬರುವ ಕಷ್ಟಗಳು ಒಂದೇ ಬಗೆಯವು: ಒಡೆದ ಡಿಸ್‌ಪ್ಲೇ, ಉಬ್ಬಿದ ಬ್ಯಾಟರಿ, ಚಾರ್ಜರ್ ಕಚ್ಚದ ಪಿನ್ನು. ಇವು ಅರ್ಧ ಗಂಟೆಯ ಕೆಲಸ. ಆದರೆ ಆಗೊಮ್ಮೆ ಈಗೊಮ್ಮೆ ಬೇರೆಯದೇ ಬೇಡಿಕೆ ಕೌಂಟರಿನ ಮುಂದೆ ನಿಲ್ಲುತ್ತದೆ. 'ಸೆಟ್ ಹೋದ್ರೆ ಹೋಗ್ಲಿ ಸಾರ್, ಒಳಗಿರೋ ಫೋಟೋ ಮಾತ್ರ ತೆಗೆದುಕೊಡಿ.'

ಮೈಸೂರಿನ ಕುವೆಂಪುನಗರದಂಥ ಬಡಾವಣೆಯಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಅನಿಕೇತನ ರಸ್ತೆ, ಪಂಚಮಂತ್ರ ರಸ್ತೆ, ವಿಶ್ವಮಾನವ ಜೋಡಿ ರಸ್ತೆ ಎಂದು ಕವಿಯ ಚಿಂತನೆಯನ್ನೇ ಬೀದಿಗಳಿಗೆ ಇಟ್ಟುಕೊಂಡ ಈ ಭಾಗದಲ್ಲಿ ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು, ಸರ್ಕಾರಿ ನೌಕರಿ ಮುಗಿಸಿದವರು ಬಹಳ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಮೊಮ್ಮಗುವಿನ ಮೊದಲ ಹೆಜ್ಜೆ, ತೀರಿಹೋದ ಹೆಂಡತಿಯ ದನಿಯ ವಾಟ್ಸ್‌ಆ್ಯಪ್ ಸಂದೇಶ, ಊರಿನ ಹಳೇ ಮನೆ ಕೆಡವುವ ಮೊದಲು ತೆಗೆದ ಚಿತ್ರ ಎಲ್ಲವೂ ಆ ಒಂದು ಫೋನಿನಲ್ಲಿ. ಹದಿನೈದು ಸಾವಿರ ರೂಪಾಯಿಯ ಸೆಟ್ಟಿನೊಳಗೆ ಬೆಲೆ ಕಟ್ಟಲಾಗದ್ದು ಕುಳಿತಿರುತ್ತದೆ. ಸೆಟ್ ಒಂದು ಬೆಳಿಗ್ಗೆ ಎದ್ದೇಳುವುದಿಲ್ಲ.

ಆಗ ಒಳ್ಳೆಯ ಮೆಕ್ಯಾನಿಕ್ ಮೊದಲು ಮುಟ್ಟುವುದು ಸ್ಕ್ರೂ ಡ್ರೈವರನ್ನು, ನಂತರ ಡಿಸಿ ಪವರ್ ಸಪ್ಲೈಯನ್ನು. ಬ್ಯಾಟರಿ ಬಿಚ್ಚಿ, ಬೋರ್ಡಿಗೆ ನೇರವಾಗಿ ಕರೆಂಟ್ ಕೊಟ್ಟು, ಅದು ಎಷ್ಟು ಎಳೆಯುತ್ತಿದೆ ಎಂದು ಮೀಟರ್ ನೋಡುತ್ತಾನೆ. ಪವರ್ ಗುಂಡಿ ಒತ್ತುವ ಮೊದಲೇ ಮುಳ್ಳು ಮೇಲೇರಿದರೆ ಎಲ್ಲೋ ಶಾರ್ಟ್ ಆಗಿದೆ. ಒತ್ತಿದರೂ ಅಲುಗದಿದ್ದರೆ ವಿದ್ಯುತ್ತೇ ಒಳಗೆ ಹೋಗುತ್ತಿಲ್ಲ. ಸ್ವಲ್ಪ ಎಳೆದು, ಒಂದೇ ಅಂಕಿಯಲ್ಲಿ ಕದಲದೆ ನಿಂತುಬಿಟ್ಟರೆ ಇನ್ನೊಂದು ಅನುಮಾನ ಹುಟ್ಟುತ್ತದೆ: ಪ್ರೊಸೆಸರ್ ಎದ್ದಿದೆ, ಮುಂದೇನು ಮಾಡಬೇಕೆಂದು ಮೆಮೊರಿಯನ್ನು ಕೇಳುತ್ತಿದೆ, ಉತ್ತರ ಬರುತ್ತಿಲ್ಲ. ಏಕೆಂದರೆ ಪ್ರೊಸೆಸರಿಗೆ ಹುಟ್ಟಿನಿಂದ ಗೊತ್ತಿರುವುದು ಬಹಳ ಕಡಿಮೆ. ತನ್ನೊಳಗೆ ಕಾರ್ಖಾನೆಯಲ್ಲೇ ಬರೆದುಬಿಟ್ಟ ಒಂದು ಚಿಕ್ಕ ಆದೇಶಪಟ್ಟಿಯ ಬಲದಿಂದ ಅದು ಮೆಮೊರಿ ಚಿಪ್ಪನ್ನು ತಟ್ಟುತ್ತದೆ. ಅಲ್ಲಿಂದ ಬೂಟ್‌ಲೋಡರ್, ಅದರಿಂದ ಕರ್ನಲ್, ಕೊನೆಗೆ ನಮ್ಮ ಕಣ್ಣಿಗೆ ಕಾಣುವ ಆಂಡ್ರಾಯ್ಡ್. ಮೊದಲ ಮೆಟ್ಟಿಲು ಮುರಿದರೆ ಲೋಗೋ ಕೂಡ ಬರುವುದಿಲ್ಲ. ಅಂಗಡಿಯ ಭಾಷೆಯಲ್ಲಿ ಅದು 'ಡೆಡ್ ಸೆಟ್'.

ಈ ಮೆಮೊರಿ ಚಿಪ್ಪಿನ ಒಳಗೆ ಏನಿದೆ ಎಂದು ತಿಳಿಯದೆ ಮುಂದಿನ ಕೆಲಸ ಅರ್ಥವಾಗದು. ನ್ಯಾಂಡ್ ಫ್ಲ್ಯಾಶ್ ಎಂಬ ಈ ಬಗೆಯ ಮೆಮೊರಿಯನ್ನು ಜಪಾನಿನ ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕಾ ತಮ್ಮ ಸಂಗಡಿಗರೊಂದಿಗೆ 1987ರಲ್ಲಿ ಜಗತ್ತಿನ ಮುಂದಿಟ್ಟರು. ಸುತ್ತಲೂ ಅವಾಹಕದ ಗೋಡೆಯಿರುವ ಅತಿ ಸಣ್ಣ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕುವುದೇ ಇದರ ಗುಟ್ಟು. ವಿದ್ಯುತ್ ನಿಂತರೂ ಅವು ಹೊರಗೆ ಬರುವುದಿಲ್ಲ, ಆದ್ದರಿಂದ ಬ್ಯಾಟರಿ ಸತ್ತರೂ ಫೋಟೋ ಸಾಯುವುದಿಲ್ಲ. ಆದರೆ ಬರೆದು ಅಳಿಸಿದ ಪ್ರತಿ ಸಲವೂ ಆ ಗೋಡೆ ತುಸು ಸವೆಯುತ್ತದೆ. ಕೋಶವೊಂದಕ್ಕೆ ಒಂದೇ ಬಿಟ್ ತುಂಬುತ್ತಿದ್ದ ಹಳೆಯ ಬಗೆಯದು ಸುಮಾರು 1 ಲಕ್ಷ ಸಲ ತಾಳುತ್ತಿತ್ತು. ಎರಡು, ಮೂರು ಬಿಟ್ ತುಂಬುವ ಈಗಿನವು ಕೆಲವೇ ಸಾವಿರ ಸಲ.

ಇಷ್ಟು ಸೂಕ್ಷ್ಮವಾದ ಸರಕನ್ನು ನೋಡಿಕೊಳ್ಳಲು ಒಬ್ಬ ಬೇಕು. ಅದಕ್ಕೇ ಇಎಂಎಂಸಿ ಎಂಬ ಚಿಪ್ಪಿನಲ್ಲಿ ಉಗ್ರಾಣವನ್ನೂ ಅದರ ಪಾರುಪತ್ಯಗಾರನನ್ನೂ ಒಂದೇ ಕೋಣೆಯಲ್ಲಿ ಇಟ್ಟಿದ್ದಾರೆ. ಕಂಟ್ರೋಲರ್ ಎಂಬ ಈ ಪಾರುಪತ್ಯಗಾರ ಯಾವ ಸಾಮಾನು ಯಾವ ಮೂಲೆಯಲ್ಲಿದೆ ಎಂಬ ಲೆಕ್ಕ ಇಡುತ್ತಾನೆ, ಸವೆದ ಜಾಗವನ್ನು ಬಿಟ್ಟು ಹೊಸ ಜಾಗ ಬಳಸುತ್ತಾನೆ, ಸಣ್ಣಪುಟ್ಟ ತಪ್ಪನ್ನು ತಾನೇ ತಿದ್ದುತ್ತಾನೆ. ಹೊರಗಿನವರು ಅವನನ್ನು ಕೇಳಿಯೇ ಸಾಮಾನು ಪಡೆಯಬೇಕು. ಅವನೇ ಮಂಕಾದರೆ ಉಗ್ರಾಣ ತುಂಬಿದ್ದರೂ ಒಂದು ಕಾಳೂ ಕೈಗೆ ಸಿಗದು.

ಇದು ಊಹೆಯ ಮಾತಲ್ಲ. 2012ರ ಕೊನೆಯಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್3 ಫೋನುಗಳು ಜಗತ್ತಿನ ನಾನಾ ಕಡೆ ಯಾವ ಮುನ್ಸೂಚನೆಯೂ ಇಲ್ಲದೆ ಸಾಯತೊಡಗಿದವು. ರಾತ್ರಿ ಚಾರ್ಜಿಗಿಟ್ಟ ಫೋನು ಬೆಳಿಗ್ಗೆ ಕಲ್ಲು. ತಪ್ಪಿದ್ದದ್ದು ಮೆಮೊರಿ ಚಿಪ್ಪಿನೊಳಗಿನ ಕಂಟ್ರೋಲರಿನ ತಂತ್ರಾಂಶದಲ್ಲಿ. ಮರುವರ್ಷದ ಆರಂಭದಲ್ಲಿ ಕಂಪನಿ ಅಪ್‌ಡೇಟ್ ಕೊಟ್ಟು ಸಾವುಗಳನ್ನು ನಿಲ್ಲಿಸಬೇಕಾಯಿತು. ಸವೆತದ ಕಥೆ ಇನ್ನೂ ದೊಡ್ಡದು. ಟೆಸ್ಲಾ ಕಂಪನಿ 2021ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಸುಮಾರು 1.35 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಯಿತು. ಕಾರಣ, ಮುಂಭಾಗದ ದೊಡ್ಡ ಪರದೆಯ ಹಿಂದಿದ್ದ ಬರೀ 8 ಜಿಬಿಯ ಇಎಂಎಂಸಿ. ಕಾರು ಓಡಿದಾಗಲೆಲ್ಲ ಅದರ ಮೇಲೆ ದಾಖಲೆ ಬರೆದು ಬರೆದು, ಐದಾರು ವರ್ಷದಲ್ಲಿ ಚಿಪ್ಪು ಸವೆದು ಹೋಗುತ್ತಿತ್ತು. ಅದರೊಂದಿಗೆ ಹಿಂಬದಿ ಕ್ಯಾಮೆರಾದ ಚಿತ್ರವೂ ಮಾಯವಾಗುತ್ತಿತ್ತು. ಬೆಳಗಾದರೆ ನೂರು ಶುಭೋದಯದ ಚಿತ್ರಗಳು ಬಂದು ಬೀಳುವ, ಸ್ಟೋರೇಜ್ ಸದಾ ತುಂಬಿ ತುಳುಕುವ ನಮ್ಮ ಫೋನುಗಳಲ್ಲಿ ನಡೆಯುವುದೂ ಇದೇ. ಖಾಲಿ ಜಾಗ ಕಡಿಮೆಯಾದಷ್ಟೂ ಕಂಟ್ರೋಲರ್ ಇದ್ದುದನ್ನೇ ಎತ್ತಿ ಇಟ್ಟು ಜಾಗ ಮಾಡಬೇಕು, ಒಂದು ಫೋಟೋ ಬರೆಯಲು ಹಲವು ಸಲ ಬರೆಯಬೇಕು. ಫೋನಿನ ಜಾಗದಲ್ಲಿ ಐದನೇ ಒಂದು ಭಾಗವನ್ನಾದರೂ ಖಾಲಿ ಬಿಡಿ ಎಂದು ನಾನು ಹೇಳುವುದು ಇದಕ್ಕೇ.

ಈಗ ಮೇಜಿನ ಮೇಲಿರುವ ಬೋರ್ಡಿಗೆ ಬರೋಣ. ಪ್ರೊಸೆಸರ್ ಮೂಲಕ ದಾರಿ ಇಲ್ಲ ಎಂದಾದರೆ ಮೆಮೊರಿ ಚಿಪ್ಪನ್ನೇ ನೇರವಾಗಿ ಮಾತಾಡಿಸಬಹುದೇ? ಆಗುತ್ತದೆ. ಇದಕ್ಕೆ ಕಸಬಿನವರು ಕೊಟ್ಟ ಹೆಸರು ಐಎಸ್‌ಪಿ. ಸಾಮಾನ್ಯ ಇಎಂಎಂಸಿ ಚಿಪ್ಪಿನ ಅಳತೆ 11.5 ಮಿ.ಮೀ. ಉದ್ದ, 13 ಮಿ.ಮೀ. ಅಗಲದ ಸುತ್ತಮುತ್ತ. ಅದರ ಹೊಟ್ಟೆಯಡಿ 153 ಬೆಸುಗೆಯ ಗುಂಡುಗಳು ಬೋರ್ಡಿಗೆ ಬೆಸೆದುಕೊಂಡಿರುತ್ತವೆ. ಇಷ್ಟೊಂದರಲ್ಲಿ ಮಾತುಕತೆಗೆ ಬೇಕಾದವು ಆರೇ ಆರು ಗೆರೆಗಳು: ತಾಳ ಹಾಕುವ ಕ್ಲಾಕ್, ಅಪ್ಪಣೆ ಒಯ್ಯುವ ಕಮಾಂಡ್, ಮಾಹಿತಿ ತರುವ ಡಾಟಾ ಗೆರೆಗಳಲ್ಲಿ ಮೊದಲನೆಯದು, 3 ವೋಲ್ಟಿನ ಆಸುಪಾಸಿನ ಒಂದು ವಿದ್ಯುತ್, 1.8 ವೋಲ್ಟಿನ ಇನ್ನೊಂದು, ಮತ್ತೆ ಗ್ರೌಂಡ್. ಡಾಟಾ ಗೆರೆಗಳು ಎಂಟಿದ್ದರೂ ಒಂದೇ ಗೆರೆಯಲ್ಲಿ ನಿಧಾನವಾಗಿ ಮಾತಾಡಲು ಇಎಂಎಂಸಿಯ ನಿಯಮದಲ್ಲೇ ಅವಕಾಶವಿದೆ. ಆ ಒಂದು ಅವಕಾಶದ ಮೇಲೆ ಈ ಇಡೀ ಕಸಬು ನಿಂತಿದೆ.

ಚಿಪ್ಪಿನ ಹೊಟ್ಟೆಯಡಿಯ ಗುಂಡುಗಳನ್ನು ಮುಟ್ಟಲಾಗದು. ಆದರೆ ಆ ಗೆರೆಗಳು ಬೋರ್ಡಿನ ಮೇಲೆ ಸಾಗುವಾಗ ಎಲ್ಲೋ ಒಂದು ಕಡೆ ಮೇಲೆದ್ದು ಬರುತ್ತವೆ: ಒಂದು ಸಣ್ಣ ರೆಸಿಸ್ಟರಿನ ತುದಿಯಲ್ಲಿ, ಒಂದು ಕೆಪಾಸಿಟರಿನ ಬುಡದಲ್ಲಿ, ಅಥವಾ ಕಾರ್ಖಾನೆಯವರು ಪರೀಕ್ಷೆಗೆಂದು ಬಿಟ್ಟ ಬರಿ ತಾಮ್ರದ ಚುಕ್ಕೆಯಲ್ಲಿ. ಈ ಜಾಗಗಳ ನಕ್ಷೆಯೇ ಪಿನ್‌ಔಟ್. ಅದನ್ನು ನೋಡಿಕೊಂಡು, ಮೈಕ್ರೋಸ್ಕೋಪಿನ ಕೆಳಗೆ, ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪದ ಎನಾಮಲ್ ತಂತಿಯನ್ನು ಒಂದೊಂದಾಗಿ ಬೆಸೆಯಬೇಕು. ಫ್ಲಕ್ಸ್ ಹೆಚ್ಚಾದರೆ ಪಕ್ಕದ್ದು ಕದಲುತ್ತದೆ, ಐರನ್ನು ಒಂದು ಕ್ಷಣ ಹೆಚ್ಚು ನಿಂತರೆ ತಾಮ್ರದ ಚುಕ್ಕೆ ಬೋರ್ಡಿನಿಂದಲೇ ಕಿತ್ತು ಬರುತ್ತದೆ. ಆಮೇಲೆ ಆ ತಂತಿಗಳ ಇನ್ನೊಂದು ತುದಿ 'ಬಾಕ್ಸ್' ಎಂದು ಕರೆಯುವ ಸಾಧನಕ್ಕೆ ಹೋಗುತ್ತದೆ, ಬಾಕ್ಸಿನಿಂದ ಕಂಪ್ಯೂಟರಿಗೆ. ಎಲ್ಲ ಸರಿಯಿದ್ದರೆ ಪರದೆಯ ಮೇಲೆ ಚಿಪ್ಪಿನ ಹೆಸರು, ಗಾತ್ರ, ತಯಾರಕರ ಗುರುತು ಮೂಡುತ್ತವೆ. ಸತ್ತಿತು ಎಂದುಕೊಂಡದ್ದು ಹೆಸರು ಹೇಳುವ ಆ ಗಳಿಗೆಗಾಗಿ ಈ ಕಸಬಿನವರು ಕುತ್ತಿಗೆ ನೋವು ಮರೆಯುತ್ತಾರೆ.

ಹೆಸರಿನ ಜೊತೆಗೆ ಆರೋಗ್ಯದ ವರದಿಯೂ ಬರುತ್ತದೆ. ಇಎಂಎಂಸಿ 5.0 ಮತ್ತು ಅದರ ನಂತರದ ಚಿಪ್ಪುಗಳು ತಮ್ಮ ಆಯಸ್ಸು ಶೇ 10ರ ಲೆಕ್ಕದಲ್ಲಿ ಎಷ್ಟು ಕಳೆದಿದೆ ಎಂದು ತಾವೇ ಬರೆದಿಟ್ಟುಕೊಳ್ಳುತ್ತವೆ. ಚಿಪ್ಪು ಸವೆದಿಲ್ಲ, ಅಪ್‌ಡೇಟ್ ಆಗುವಾಗ ಬ್ಯಾಟರಿ ಹೋಗಿ ಬೂಟ್ ಭಾಗ ಮಾತ್ರ ಕೆಟ್ಟಿದೆ ಎಂದಾದರೆ ಆ ಭಾಗವನ್ನಷ್ಟೇ ಹೊಸದಾಗಿ ಬರೆದು ತಂತಿ ಬಿಚ್ಚಿದರೆ ಸಾಕು. ಫೋನ್ ಎದ್ದು ಕೂರುತ್ತದೆ, ಫೋಟೋಗಳು ಇದ್ದಲ್ಲೇ ಇರುತ್ತವೆ.

ಚಿಪ್ಪನ್ನೇ ಬೋರ್ಡಿನಿಂದ ಎತ್ತಿ ಓದುವ ದಾರಿಯೂ ಇದೆ. ಸೀಸವಿಲ್ಲದ ಈಗಿನ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು. ಹಾಟ್ ಏರ್ ಅದಕ್ಕಿಂತ ಮೇಲೆಯೇ ಹೋಗಬೇಕು. ಚಿಪ್ಪಿನಡಿ ಅಂಟು ತುಂಬಿದ್ದರೆ ಅದನ್ನೂ ಕೆರೆಯಬೇಕು. ಬಿಸಿ ಹೆಚ್ಚಿದಷ್ಟೂ ಕೋಶದೊಳಗಿನ ಎಲೆಕ್ಟ್ರಾನುಗಳು ಜಾರಿಹೋಗುವ ಭಯ. ಆದ್ದರಿಂದ ಬಲ್ಲವರು ಮೊದಲು ಐಎಸ್‌ಪಿ ನೋಡಿ, ಕಡೆಯ ದಾರಿಯಾಗಿ ಮಾತ್ರ ಚಿಪ್ ಎತ್ತುತ್ತಾರೆ. 2015ರಿಂದ ದುಬಾರಿ ಫೋನುಗಳಿಗೆ ಬಂದ ಯುಎಫ್‌ಎಸ್ ಮೆಮೊರಿಯಲ್ಲಂತೂ ಗೆರೆಗಳ ವೇಗ ಎಷ್ಟೆಂದರೆ, ತಂತಿಯ ಉದ್ದ ತುಸು ಹೆಚ್ಚಾದರೂ ಮಾತು ಕೆಡುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಕೇಳಿದರೆ, ತಂತಿ ಹಾಕಿದವನ ಕೈಗೆ ಎಲ್ಲವೂ ಸಿಕ್ಕಂತೆ ಅನ್ನಿಸಬಹುದು. ಹತ್ತು ಹನ್ನೆರಡು ವರ್ಷದ ಹಿಂದೆ ಹಾಗೇ ಇತ್ತು. ಆಗಿನ ಆಂಡ್ರಾಯ್ಡ್ ಫೋನುಗಳಲ್ಲಿ ಫೋಟೋ ಫೋಟೋವಾಗಿಯೇ, ಸಂದೇಶ ಸಂದೇಶವಾಗಿಯೇ ಚಿಪ್ಪಿನಲ್ಲಿ ಕುಳಿತಿರುತ್ತಿತ್ತು. ಪರದೆಯ ಮೇಲಿನ ಪ್ಯಾಟರ್ನ್ ಲಾಕ್ ಪರದೆಗೆ ಮಾತ್ರ. ಹಿಂದಿನ ಬಾಗಿಲಿಗೆ ಚಿಲಕವೇ ಇರಲಿಲ್ಲ. ಐಎಸ್‌ಪಿಯಿಂದ ಪೂರ್ತಿ ನಕಲು ತೆಗೆದರೆ ಅಳಿಸಿದ ಚಿತ್ರಗಳನ್ನೂ ಹೆಕ್ಕಬಹುದಿತ್ತು.

ಆ ಕಾಲ ಮುಗಿದಿದೆ. ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಐಫೋನಿನಲ್ಲಿ 2009ರ 3ಜಿಎಸ್‌ನಿಂದಲೇ ಗೂಢಲಿಪೀಕರಣದ ಯಂತ್ರಾಂಶವಿತ್ತು. ಆಂಡ್ರಾಯ್ಡ್ 6, 2015ರಲ್ಲಿ ವೇಗದ ಫೋನುಗಳಿಗೆ ಗೂಢಲಿಪೀಕರಣವನ್ನು ಕಡ್ಡಾಯ ಮಾಡಿತು. 2019ರಲ್ಲಿ ಆಂಡ್ರಾಯ್ಡ್ 10ರೊಂದಿಗೆ ಬಿಡುಗಡೆಯಾಗುವ ಪ್ರತಿ ಫೋನಿಗೂ, ಅಗ್ಗದವಕ್ಕೂ, ಕಡ್ಡಾಯವಾಯಿತು. ಬಡ ಪ್ರೊಸೆಸರುಗಳು ಆ ಭಾರ ಹೊರಲಿ ಎಂದು ಗೂಗಲ್ ಅದೇ ವರ್ಷ ಅಡಿಯಾಂಟಮ್ ಎಂಬ ಹಗುರ ವಿಧಾನವನ್ನೇ ರೂಪಿಸಿತು. ಈಗ ಚಿಪ್ಪಿನಲ್ಲಿ ಇರುವುದು ಕಲಸಿದ ಅಂಕಿಗಳು. ಅವನ್ನು ಬಿಡಿಸುವ ಕೀಲಿ ಎರಡು ತುಂಡಿನಿಂದ ಹುಟ್ಟುತ್ತದೆ: ಒಂದು ಪ್ರೊಸೆಸರಿನೊಳಗೆ ಕಾರ್ಖಾನೆಯಲ್ಲಿ ಸುಟ್ಟು ಬರೆದ, ಯಾರೂ ಹೊರತೆಗೆಯಲಾಗದ ಸಂಖ್ಯೆ, ಇನ್ನೊಂದು ನಿಮ್ಮ ತಲೆಯಲ್ಲಿರುವ ಪಿನ್. ಆರು ತಂತಿಯಿಂದ 64 ಜಿಬಿಯನ್ನೂ ಓದಿಕೊಳ್ಳಬಹುದು, ಒಂದು ಮುಖವೂ ಕಾಣದು. ಒಂದು ಫೋನಿನ ಮೆಮೊರಿಯನ್ನು ಎತ್ತಿ ಅದೇ ಮಾಡೆಲಿನ ಇನ್ನೊಂದು ಬೋರ್ಡಿಗೆ ಹಾಕಿದರೂ ಅಷ್ಟೇ, ಆ ಪ್ರೊಸೆಸರಿನ ಸಂಖ್ಯೆ ಬೇರೆ.

ಕೀಲಿ ಪ್ರೊಸೆಸರಿನೊಳಗೆ ಇದ್ದರೂ ಮೆಮೊರಿಯ ಮೂಲಕ ಅದನ್ನು ಏಮಾರಿಸಿದ ಒಂದು ಪ್ರಸಿದ್ಧ ಪ್ರಯೋಗವಿದೆ. ಅಮೆರಿಕದ ಸ್ಯಾನ್ ಬರ್ನಾರ್ಡಿನೊ ದಾಳಿಕೋರನ ಐಫೋನ್ 5ಸಿ ತೆರೆಸಲು ಎಫ್‌ಬಿಐ 2016ರಲ್ಲಿ ಆ್ಯಪಲ್ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಆ ಬಳಿಕ ಹೊರಗಿನ ಒಬ್ಬರ ನೆರವಿನಿಂದ ತೆರೆಸಿಕೊಂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸೆರ್ಗೆಯ್ ಸ್ಕೊರೊಬೊಗಟೊವ್, ಅದೇ ಮಾಡೆಲಿನ ಫೋನಿನ ಮೆಮೊರಿ ಚಿಪ್ಪನ್ನು ಎತ್ತಿ, ತಂತಿ ಎಳೆದು, ನಕಲು ಮಾಡಿ ತೋರಿಸಿದರು. ಕೆಲವು ಸಲ ತಪ್ಪು ಪಿನ್ ಒತ್ತುವುದು, ಫೋನ್ ತಡೆಯುವ ಮೊದಲು ಹಳೆಯ ನಕಲನ್ನು ಮರಳಿ ಬರೆದು ಲೆಕ್ಕ ಮರೆಸುವುದು, ಮತ್ತೆ ಒತ್ತುವುದು. ನಾಲ್ಕಂಕಿಯ 10,000 ಪಿನ್‌ಗಳನ್ನು ಹೀಗೆ ಸುಮಾರು 40 ಗಂಟೆಯಲ್ಲಿ ಮುಗಿಸಬಹುದು ಎಂಬುದು ಅವರ ಲೆಕ್ಕ. ಈಗ ತಪ್ಪಿನ ಲೆಕ್ಕವನ್ನು ಪ್ರತ್ಯೇಕ ಭದ್ರ ಭಾಗ ಇಟ್ಟುಕೊಳ್ಳುವುದರಿಂದ ಈ ಉಪಾಯವೂ ನಡೆಯದು.

ಹಾಗಾದರೆ ಬೀದಿಯಲ್ಲಿ 'ಯಾವ ಲಾಕ್ ಆದರೂ ತೆಗೆಯುತ್ತೇವೆ' ಎಂಬ ಬೋರ್ಡುಗಳು? ಲಾಕ್ ತೆಗೆಯುವುದು ಎಂದರೆ ಬಹುಪಾಲು ಫೋನನ್ನು ಪೂರ್ತಿ ಅಳಿಸಿ ಖಾಲಿ ಮಾಡಿಕೊಡುವುದು. ಸೆಟ್ ಉಳಿಯುತ್ತದೆ, ಒಳಗಿದ್ದದ್ದು ಹೋಗುತ್ತದೆ. ಇದನ್ನು ಮೊದಲೇ ಹೇಳದ ಅಂಗಡಿಗೆ ಫೋನ್ ಕೊಡಬೇಡಿ. ಅಳಿಸಿದ ಮೇಲೂ ಹಳೆಯ ಗೂಗಲ್ ಖಾತೆ ಕೇಳುವ ಎಫ್‌ಆರ್‌ಪಿ ಎಂಬ ತಡೆಯನ್ನು ಆಂಡ್ರಾಯ್ಡ್ 5.1 ತಂದದ್ದು 2015ರಲ್ಲಿ, ಕದ್ದ ಫೋನಿಗೆ ಬೆಲೆ ಇಲ್ಲದಂತೆ ಮಾಡಲೆಂದು. ಹಳೆಯ ಸೆಟ್ಟುಗಳಲ್ಲಿ ಮೆಮೊರಿಯ ನೇರ ದಾರಿಯಿಂದ ಆ ಗುರುತನ್ನೂ ಅಳಿಸುವವರಿದ್ದರು, ಕಸಬಿಗೆ ಕೆಟ್ಟ ಹೆಸರು ಬಂದದ್ದು ಅಲ್ಲಿಂದ. ಬಿಲ್ ಇಲ್ಲ, ಬಾಕ್ಸ್ ಇಲ್ಲ, ಪಿನ್ ಗೊತ್ತಿಲ್ಲ ಎನ್ನುವ ಗಿರಾಕಿಯನ್ನು ವಾಪಸ್ ಕಳಿಸುವ ಮೆಕ್ಯಾನಿಕ್ಕಿಗೆ ಅವತ್ತಿನ ವ್ಯಾಪಾರ ಹೋಗುತ್ತದೆ, ಆದರೂ ಕಳಿಸಲೇಬೇಕು. ಐಎಂಇಐ ಸಂಖ್ಯೆ ತಿದ್ದುವುದಕ್ಕಂತೂ 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಸೆರೆ, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ಕಳೆದ ಫೋನನ್ನು ಆ ಸಂಖ್ಯೆಯಿಂದಲೇ ಹುಡುಕುವ ಸಂಚಾರ ಸಾಥಿ ತಾಣ 2023ರ ಮೇ 16ರಂದು ದೇಶಕ್ಕೆಲ್ಲ ತೆರೆದಾಗ, ಈ ವ್ಯವಸ್ಥೆಯಿಂದ ಕರ್ನಾಟಕ ಪೊಲೀಸರು ಆಗಲೇ 2,500ಕ್ಕೂ ಹೆಚ್ಚು ಫೋನುಗಳನ್ನು ಮಾಲೀಕರಿಗೆ ಮುಟ್ಟಿಸಿದ್ದರು.

ತನಿಖೆಯವರಿಗೂ ಗೂಢಲಿಪಿಯ ಈ ಗೋಡೆ ಎದುರಾಗಿದೆ. ಮಾಹಿತಿ ಚಿಪ್ಪಿನಲ್ಲಿದ್ದರೂ ಬಿಡಿಸಲಾಗದು ಎಂದಾದಾಗ ಪ್ರಶ್ನೆ ಆರೋಪಿಯ ಬಾಯಿಗೆ ಬರುತ್ತದೆ: ಪಿನ್ ಹೇಳು. ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್ 12ರಂದು ವೀರೇಂದ್ರ ಖನ್ನಾ ಪ್ರಕರಣದಲ್ಲಿ ಇದನ್ನು ವಿವರವಾಗಿ ವಿಚಾರ ಮಾಡಿತು. ಪಾಸ್‌ವರ್ಡ್ ಕೊಡಿಸುವುದೊಂದೇ ಸ್ವಂತದ ವಿರುದ್ಧ ಸಾಕ್ಷಿ ನುಡಿಸಿದಂತಾಗದು ಎಂದಿತಾದರೂ, ಫೋನ್ ವಶಪಡಿಸಿಕೊಳ್ಳುವಾಗ, ಅದನ್ನು ಸಿಗ್ನಲ್ ತಾಗದಂತೆ ಇಡುವಾಗ ಪೊಲೀಸರು ಹೇಗೆ ನಡೆದುಕೊಳ್ಳಬೇಕೆಂದು ಸೂಚನೆಗಳನ್ನೂ ಕೊಟ್ಟಿತು.

ಇಷ್ಟಾದ ಮೇಲೆ ಸತ್ತ ಫೋನಿನ ಫೋಟೋ ತೆಗೆಯಲು ಉಳಿದಿರುವ ದಾರಿ ಒಂದೇ: ಆ ಬೋರ್ಡನ್ನೇ, ಆ ಪ್ರೊಸೆಸರನ್ನೇ ಸ್ವಲ್ಪ ಹೊತ್ತಿನ ಮಟ್ಟಿಗಾದರೂ ಬದುಕಿಸುವುದು. ಅದು ಎದ್ದು, ಮಾಲೀಕರು ತಮ್ಮ ಪಿನ್ ಒತ್ತಿದರೆ, ಫೋನ್ ತಾನೇ ತನ್ನ ಗಂಟು ಬಿಚ್ಚುತ್ತದೆ. ಹೀಗಾಗಿ ಮೆಮೊರಿಯ ನೇರ ಸಂಪರ್ಕ ಈಗ ಒಟ್ಟು ಚಿಕಿತ್ಸೆಯ ಒಂದು ಭಾಗ. ಶಾರ್ಟ್ ಎಲ್ಲಿದೆ ಎಂದು ತಿಳಿಯಲು ಬೋರ್ಡಿನ ಮೇಲೆ ರಾಳದ ಹೊಗೆ ಹಿಡಿದು, ಕರೆಂಟ್ ಕೊಟ್ಟು, ಮೊದಲು ಕರಗುವ ಬಿಳಿ ಚುಕ್ಕೆಯನ್ನು ಕಾದು ನೋಡುತ್ತಾರೆ. ಅಲ್ಲೇ ಕೆಟ್ಟ ಕೆಪಾಸಿಟರ್ ಇರುತ್ತದೆ. ತುಂಡಾದ ಗೆರೆಗೆ ಜಂಪರ್ ಎಳೆಯುತ್ತಾರೆ. ಬಿದ್ದ ಪೆಟ್ಟಿಗೆ ಪ್ರೊಸೆಸರಿನ ಗುಂಡುಗಳು ಬಿಟ್ಟಿದ್ದರೆ ಎತ್ತಿ, ಹೊಸ ಗುಂಡು ಕೂರಿಸಿ ರೀಬಾಲ್ ಮಾಡುತ್ತಾರೆ. ಬೋರ್ಡೇ ಬಾಗಿ ಮುರಿದಿದ್ದರೆ ಪ್ರೊಸೆಸರ್, ಮೆಮೊರಿ ಎರಡನ್ನೂ ಜೊತೆಯಾಗಿ ಇನ್ನೊಂದು ಬೋರ್ಡಿಗೆ ದಾಟಿಸುತ್ತಾರೆ. ಲಾಕ್ ತೆಗೆಯುತ್ತೇನೆ ಎನ್ನುವವರಿಗಿಂತ ಈ ಕೆಲಸದವರು ನನ್ನ ಕಣ್ಣಿಗೆ ಬಹಳ ದೊಡ್ಡವರು.

ಅವರ ಕೆಲಸವನ್ನು ಅರ್ಧ ಹಗುರ ಮಾಡುವುದು ನಮ್ಮ ಕೈಯಲ್ಲೇ ಇದೆ. ನೀರಿಗೆ ಬಿದ್ದ ಫೋನನ್ನು ಆನ್ ಮಾಡಿ ನೋಡುವುದು, ಚಾರ್ಜಿಗೆ ಹಾಕುವುದು ಎರಡೂ ಕೂಡದು. ತೇವದಲ್ಲಿ ಕರೆಂಟ್ ಹರಿದರೆ ತಾಮ್ರ ಗಂಟೆಗಳಲ್ಲೇ ತಿಂದುಹೋಗುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಡುವುದರಿಂದ ಬೋರ್ಡಿನ ಮೇಲಿನ ಉಪ್ಪು, ಜಿಡ್ಡು ಹೋಗುವುದಿಲ್ಲ; ಹಾಗೆ ಮಾಡಬೇಡಿ ಎಂದು ಆ್ಯಪಲ್ ಕೂಡ ತನ್ನ ಗ್ರಾಹಕರಿಗೆ ಹೇಳಿದೆ. ಸ್ವಿಚ್ ಆಫ್ ಮಾಡಿ, ಬೇಗ ಬಿಚ್ಚಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆಸಬೇಕು. ಮೆಮೊರಿ ಕಾರ್ಡ್ ಇದ್ದರೆ ಮೊದಲು ಅದನ್ನು ನೋಡಿ. ಫೋಟೋಗಳು ಅಲ್ಲೇ ಇರಬಹುದು.

ಎಲ್ಲಕ್ಕಿಂತ ದೊಡ್ಡ ತೊಡಕು ಹಿರಿಯರ ಫೋನಿನದು. ಮಗ ಊರಿಗೆ ಬಂದಾಗ ಬೆರಳಚ್ಚು ಹಾಕಿಕೊಟ್ಟು ಹೋಗಿರುತ್ತಾನೆ. ಅಪ್ಪ ವರ್ಷಗಟ್ಟಲೆ ಬೆರಳಿನಿಂದಲೇ ತೆರೆದು, ಪಿನ್ ಏನೆಂಬುದನ್ನೇ ಮರೆತಿರುತ್ತಾರೆ. ಫೋನ್ ಆಫ್ ಆಗಿ ಮತ್ತೆ ಎದ್ದಾಗ ಬೆರಳು ನಡೆಯುವುದಿಲ್ಲ, ಪಿನ್ನೇ ಬೇಕು. ಬೋರ್ಡಿನ ರಿಪೇರಿ ಗೆದ್ದು, ಲೋಗೋ ಬಂದು, ಪಿನ್ ಕೇಳುವ ಪರದೆಯ ಮುಂದೆ ಮನೆಯವರೆಲ್ಲ ಸುಮ್ಮನೆ ನಿಲ್ಲುವ ಸ್ಥಿತಿ ಯಾರಿಗೂ ಬರಬಾರದು. ಪಿನ್ನನ್ನು ಕಾಗದದಲ್ಲಿ ಬರೆದು ಆಸ್ತಿಪತ್ರದ ಜೊತೆ ಬೀರುವಿನಲ್ಲಿಡಿ. ತಮ್ಮ ನಂತರ ಖಾತೆ ಯಾರಿಗೆ ಸೇರಬೇಕೆಂದು ತಿಳಿಸಲು ಗೂಗಲ್‌ನಲ್ಲಿ 2013ರಿಂದ, ಆ್ಯಪಲ್‌ನಲ್ಲಿ 2021ರ ಕೊನೆಯಿಂದ ಸೌಲಭ್ಯವಿದೆ. ಮುಂದಿನ ಸಲ ಊರಿಗೆ ಬರುವ ಮಗನೋ ಮಗಳೋ ಕೂತು ಮಾಡಿಕೊಡಲಿ.

ಇನ್ನು ಕಸಬಿನ ಮಾತು. ಬೋರ್ಡ್ ತಯಾರಿಕೆ ಮೈಸೂರಿಗೆ ಹೊಸದಲ್ಲ. 1988ರಲ್ಲಿ ಇಲ್ಲಿ ಶುರುವಾದ ಕೇನ್ಸ್ ಟೆಕ್ನಾಲಜಿ ಇಂದು ದೇಶದ ದೊಡ್ಡ ಎಲೆಕ್ಟ್ರಾನಿಕ್ಸ್ ತಯಾರಕರಲ್ಲೊಂದು. ಆದರೆ ಬೋರ್ಡ್ ಮಾಡುವವನಿಗೆ ನಕ್ಷೆ ಕೈಯಲ್ಲಿರುತ್ತದೆ, ಕುವೆಂಪುನಗರದಲ್ಲಿ ಅದನ್ನು ರಿಪೇರಿ ಮಾಡುವವನಿಗೆ ಇರುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಡಿಭಾಗ ಸಿಗುತ್ತದೆ. ನಕ್ಷೆಗೆ ಅವನು ಕದ್ದು ಹೊರಬಂದ ಪ್ರತಿಗಳನ್ನೋ, ಯಾರೋ ಕೆಟ್ಟ ಬೋರ್ಡನ್ನು ಕೆರೆದು ಕಂಡುಕೊಂಡ ಪಿನ್‌ಔಟನ್ನೋ ನಂಬಬೇಕು. ಒಂದು ಗೆರೆ ತಪ್ಪಾಗಿದ್ದರೆ, 1.8 ವೋಲ್ಟಿನ ಜಾಗಕ್ಕೆ 3 ವೋಲ್ಟ್ ಹೋದರೆ ಗಿರಾಕಿಯ ನೆನಪೇ ಸುಟ್ಟಂತೆ. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ತಾಣ ತೆರೆಯಿತು. ಕಂಪನಿಗಳು ಅಲ್ಲಿ ಬಳಕೆಯ ಕೈಪಿಡಿ, ಸರ್ವಿಸ್ ಸೆಂಟರಿನ ವಿಳಾಸ ಕೊಟ್ಟಿವೆ. ಬೋರ್ಡಿನ ಮಟ್ಟಕ್ಕೆ ಇಳಿಯುವವನಿಗೆ ಅಷ್ಟು ಸಾಲದು. ಯುರೋಪಿಯನ್ ಒಕ್ಕೂಟ 2025ರ ಜೂನ್ 20ರಿಂದ ಜಾರಿಗೆ ತಂದ ನಿಯಮದಲ್ಲಿ, ಒಂದು ಮಾಡೆಲಿನ ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕು, ಹೊರಗಿನ ವೃತ್ತಿಪರ ರಿಪೇರಿಯವರಿಗೂ ರಿಪೇರಿಯ ಮಾಹಿತಿ ಕೊಡಬೇಕು. ನಮ್ಮಲ್ಲೂ ಮೊದಲು ಬೇಕಾದದ್ದು ಅದೇ: ಪ್ರತಿ ಮಾಡೆಲಿನ ಸರ್ಕ್ಯೂಟ್ ನಕ್ಷೆ ಮತ್ತು ಮೆಮೊರಿಯ ಆರು ಗೆರೆಗಳ ಜಾಗ, ಹೆಸರು ನೋಂದಾಯಿಸಿಕೊಂಡ ಮೆಕ್ಯಾನಿಕ್ಕಿನ ಕೈಗೆ, ಕಾನೂನಿನ ಪ್ರಕಾರ. ಮಾಹಿತಿಗೆ ಗೂಢಲಿಪಿಯ ಕಾವಲು ಇರುವಾಗ ಆ ನಕ್ಷೆಯನ್ನು ಮುಚ್ಚಿಡಲು ಕಂಪನಿಗಳಿಗೆ ಸುರಕ್ಷತೆಯ ನೆಪವೂ ಉಳಿದಿಲ್ಲ.